ಗಂಧ ಹಚ್ಚಿದ ಲ್ಯಾಪ್‌ಟಾಪ್

ನಾನು ಇದನ್ನು ಬರೆಯುತ್ತಿರುವ ಲ್ಯಾಪ್‌ಟಾಪ್ ಆರು ವರ್ಷದ ಹಿಂದೆ ಒಮ್ಮೆ ಸತ್ತುಹೋಗಿತ್ತು. ಕೊಂದವನು ನಾನು. ಬದುಕಿಸಿದವರು ಇನ್ನೊಬ್ಬರು. ಕೊಂದರೆಂಬ ಹೆಸರು ಬಂದದ್ದೂ ಅವರಿಗೇ.

ಕೃಷ್ಣರಾಜಪೇಟೆಯಲ್ಲಿ ನಾನು ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಎಂದು ಜಮೀನು ಕೈ ಬದಲಾಯಿಸುವಾಗ ಬೇಕಾಗುವ ಕಾಗದಗಳನ್ನೆಲ್ಲ ಬರೆದುಕೊಡುವುದು ಕಸುಬು. ನೋಂದಣಿ ಕಚೇರಿಯ ಎದುರಿಗೆ ಶೀಟು ಹೊದಿಸಿದ ಸಾಲಿನಲ್ಲಿ ಹತ್ತು ಮೇಜುಗಳಿವೆ, ಮೂರನೆಯದು ನನ್ನದು. ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ, ದೇವಸ್ಥಾನದ ಕೆಲಸ ಮಾಡಿಕೊಂಡು ಬಂದ ಮನೆತನದಲ್ಲಿ. ನನ್ನ ಬಾಯಿಗೆ ಮಂತ್ರ ಹತ್ತಲಿಲ್ಲ, ಅಕ್ಷರ ಮಾತ್ರ ದುಂಡಗಿತ್ತು, ಹಾಗಾಗಿ ಈ ಕಡೆ ಬಂದೆ. ಅಮ್ಮ ನನ್ನ ಜೊತೆಗೇ ಬಂದಳು. ಅವಳ ಜೊತೆಗೆ ಅವಳ ಮಡಿ, ಗಂಧದ ಕೊರಡು, ತೀರ್ಥದ ಪಂಚಪಾತ್ರೆ ಎಲ್ಲವೂ ಬಂದವು.

ನಮ್ಮ ಕಸುಬಿನಲ್ಲಿ ಮಾತಿಗೆ ತೂಕ ಜಾಸ್ತಿ. ಜಮೀನಿನ ನಾಲ್ಕು ದಿಕ್ಕಿಗೆ ಯಾರ ಯಾರ ಹೊಲವಿದೆ ಎಂದು ಚೆಕ್ಕುಬಂದಿ ಬರೆಯುವಾಗ ಒಂದು ದಿಕ್ಕು ತಪ್ಪಿದರೂ ಅಣ್ಣತಮ್ಮಂದಿರು ಹತ್ತು ವರ್ಷ ಕೋರ್ಟಿಗೆ ಅಲೆಯುತ್ತಾರೆ. ಬರೆದದ್ದನ್ನು ರುಜು ಹಾಕುವವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇವೆ. ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ನಮ್ಮ ರುಜು ಹಾಕುತ್ತೇವೆ. ಇದನ್ನು ಬರೆದ ಕೈ ನನ್ನದು ಎಂದು ಅದರ ಅರ್ಥ. ಪಕ್ಕದ ಮೇಜಿನವರು ಒಂದು ಒತ್ತಕ್ಷರ ತಪ್ಪಿದರೂ ಎದ್ದುಹೋಗಿ ರೇಗುವ ಚಾಳಿ ನನಗಿದೆ. ಅಂಥ ನಾನು ಒಂದೇ ವಾಕ್ಯದಲ್ಲಿ ಒಬ್ಬರ ಅನ್ನಕ್ಕೆ ಕಲ್ಲು ಹಾಕಿದೆ.

ಲ್ಯಾಪ್‌ಟಾಪ್ ಯಾವುದೋ ದೊಡ್ಡ ಕಂಪನಿ ಬಳಸಿ ಬಿಟ್ಟದ್ದು. ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ತಂದಿದ್ದೆ. ಕಪ್ಪಗೆ, ದಪ್ಪಗೆ, ನೋಡಲು ಏನೇನೂ ಚೆನ್ನಾಗಿರಲಿಲ್ಲ. ಎರಡು ಸಲ ಸ್ಕೂಟರಿನಿಂದ ಬಿದ್ದರೂ ಗೀರು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆದರೆ ಬರಬರುತ್ತಾ ನಿಧಾನವಾಯಿತು. ಬಟನ್ ಒತ್ತಿ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಎದುರಿಗೆ ಕುಳಿತ ರೈತರು ನಾನೇ ಬೇಕೆಂದು ಸತಾಯಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು.

ಆಗ ನಮ್ಮ ಸಾಲಿನವರೆಲ್ಲ ಕಂಪ್ಯೂಟರ್ ಕೆಟ್ಟರೆ ಹೋಗುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ಒಂದು ಸಣ್ಣ ಅಂಗಡಿಗೆ. ಅಂಗಡಿಯವರು ಸಂತೆಬಾಚಹಳ್ಳಿಯವರು. ಬೇಸಾಯದ ಮನೆಯವರು, ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು ಅಂಗಡಿ ತೆಗೆಯುತ್ತಿದ್ದರು. ನಾವೆಲ್ಲ ಅವರನ್ನು ಗೌಡ್ರೇ ಎನ್ನುತ್ತಿದ್ದೆವು. ನನ್ನದೇ ವಯಸ್ಸು, ಕಡಿಮೆ ಮಾತು.

ಅವರದೊಂದು ಪದ್ಧತಿ ಇತ್ತು. ಮಾಲೀಕರು ಎದುರಿಗೆ ಕೂರದೆ ಯಾವ ಯಂತ್ರವನ್ನೂ ಬಿಚ್ಚುತ್ತಿರಲಿಲ್ಲ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆದುಕೊಂಡು, ತೆಗೆದ ಸ್ಕ್ರೂವನ್ನು ಅದು ಯಾವ ಜಾಗದ್ದೋ ಅದೇ ಜಾಗದಲ್ಲಿ ರಟ್ಟಿಗೆ ಚುಚ್ಚುತ್ತಿದ್ದರು. ಕೆಲಸ ಮುಗಿದ ಮೇಲೆ ಹಳೆಯ ಭಾಗಗಳನ್ನು ಕವರಿಗೆ ಹಾಕಿ, “ನಿಮ್ ಸಾಮಾನು ನಿಮ್ಗೆ” ಎಂದು ಕೈಗಿಡುತ್ತಿದ್ದರು.

ಆಯುಧಪೂಜೆಗೆ ಒಂದು ವಾರ ಮುಂಚೆ ನನ್ನನ್ನೂ ಹಾಗೆಯೇ ಎದುರಿಗೆ ಕೂರಿಸಿಕೊಂಡರು.

“ಕಂಪ್ನಿ ಮಾಲು ಸ್ವಾಮಿ, ಮೈ ಗಟ್ಟಿ ಅದೆ. ಒಳ್ಗಡೆ ಡಿಸ್ಕು ಮುದಿ ಆಗದೆ, ಅಷ್ಟೆಯ,” ಎಂದರು. ಮೊದಲು ಬ್ಯಾಟರಿಯ ತಂತಿ ಬಿಡಿಸಿದರು. ತಿರುಗುವ ಹಳೆಯ ಡಿಸ್ಕಿನಲ್ಲಿದ್ದ ನನ್ನ ಪತ್ರಗಳನ್ನೆಲ್ಲ ಹೊಸ ಎಸ್‌ಎಸ್‌ಡಿಗೆ ಇಳಿಸಿ, ಹಳೆಯದರ ಜಾಗದಲ್ಲಿ ಈ ತಿರುಗದ ಡಿಸ್ಕನ್ನು ಕೂರಿಸಿದರು. ಇದ್ದ ರ‍್ಯಾಮ್ ಪಟ್ಟಿಯ ಪಕ್ಕದಲ್ಲಿ ಇನ್ನೊಂದನ್ನು ಓರೆಯಾಗಿ ಇಟ್ಟು ಒತ್ತಿದಾಗ ಟಕ್ ಎಂದಿತು. ಫ್ಯಾನಿನಲ್ಲಿ ಸೇರಿದ್ದ ಧೂಳಿನ ಉಂಡೆಯನ್ನು ಬ್ರಶ್ಶಿನಿಂದ ತೆಗೆದರು. ಎಲ್ಲ ಮುಗಿಸಿ ಬಟನ್ ಒತ್ತಿದರೆ, ನಾನು ಕನ್ನಡಕ ಏರಿಸುವಷ್ಟರಲ್ಲಿ ಪರದೆ ಬಂದಿತ್ತು.

“ಇನ್ನೈದಾರು ವರ್ಸ ಚಿಂತೆ ಇಲ್ಲ. ಒಂದು ಮಾತು ಸ್ವಾಮಿ, ಒಳ್ಗಡೆ ಕೈ ಹಾಕಕ್ಕೆ ಹೋಗ್ಬೇಡಿ. ತೇವ ಅಂತೂ ಸೋಕ್ಲೇಬಾರ್ದು.”

ನಾನು ಗೋಣು ಆಡಿಸಿದೆ. ಮನಸ್ಸಿನಲ್ಲಿ ಮಾತ್ರ, ಇಷ್ಟೇನಾ, ಎಂಟು ಸ್ಕ್ರೂ ತಾನೇ, ಇದನ್ನು ನಾನೂ ಮಾಡಬಹುದಿತ್ತಲ್ಲ ಎಂದುಕೊಂಡೆ. ಅಲ್ಪವಿದ್ಯಾ ಮಹಾಗರ್ವಿ ಎಂದು ಅಪ್ಪ ನನಗೆ ಸುಮ್ಮನೆ ಹೇಳುತ್ತಿರಲಿಲ್ಲ.

ಆಯುಧಪೂಜೆಯ ಬೆಳಗ್ಗೆ ಅಮ್ಮ ನಡುಮನೆಯಲ್ಲಿ ಮಣೆ ಹಾಕಿ ಈಳಿಗೆಮಣೆ, ಕತ್ತರಿ, ಸ್ಕೂಟರಿನ ಕೀಲಿ, ನನ್ನ ಹಳೆಯ ಶಾಯಿ ಪೆನ್ನು ಎಲ್ಲ ಜೋಡಿಸಿದ್ದಳು. ಮಧ್ಯದಲ್ಲಿ ಲ್ಯಾಪ್‌ಟಾಪ್ ಇಟ್ಟೆ. ಒಂದು ವಾರದಿಂದ ಅದರ ವೇಗದ ಬಗ್ಗೆ ನಾನು ಮನೆಯಲ್ಲಿ ಕೊಚ್ಚಿಕೊಂಡದ್ದು ಅಷ್ಟಿಷ್ಟಲ್ಲ. ಅಮ್ಮ ಗಂಧದ ಬಟ್ಟಲು ಹಿಡಿದು ನಿಂತವಳು ಕೇಳಿದಳು:

“ಹೊಸ ಸಾಮಾನು ಹಾಕಿಸಿದೆ ಅಂದ್ಯಲ್ಲ, ಅದೆಲ್ಲಿದೆ?”

“ಒಳಗಿದೆ.”

“ಮತ್ತೆ ಈ ಮುಚ್ಚಳಕ್ಕೆ ಗಂಧ ಹಚ್ಚಿದ್ರೆ ಏನು ಬಂತೋ? ಹಣೆ ಬಿಟ್ಟು ಅಂಗಿಗೆ ನಾಮ ಹಾಕಿದ ಹಾಗೆ.”

ಅವಳು ತಮಾಷೆಗೆ ಅಂದಿದ್ದಿರಬಹುದು. ಬೇಡಮ್ಮ ಎಂದಿದ್ದರೆ ಅಷ್ಟಕ್ಕೇ ಬಿಡುತ್ತಿದ್ದಳು. ನನಗೆ ಮಾತ್ರ ನನ್ನ ಹೊಸ ಜಾಣತನ ತೋರಿಸಬೇಕಿತ್ತು. ಸ್ಕ್ರೂಡ್ರೈವರ್ ತಂದು ಬೆನ್ನಿನ ಎಂಟೂ ಸ್ಕ್ರೂ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡೆ. ರಟ್ಟು ಗಿಟ್ಟು ಏನಿಲ್ಲ. ಬ್ಯಾಟರಿಯ ತಂತಿ ಬಿಡಿಸುವುದು ನೆನಪಿಗೇ ಬರಲಿಲ್ಲ. ತೇವ ಸೋಕಬಾರದು ಎಂಬ ಮಾತು ನೆನಪಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಒಂದು ಬೊಟ್ಟು ಗಂಧಕ್ಕೆ ಏನಾಗುತ್ತೆ ಎಂದು ನನಗೆ ನಾನೇ ಹೇಳಿಕೊಂಡೆ. ಅಮ್ಮ ಆಗ ತಾನೇ ತೇಯ್ದ ಗಂಧವನ್ನು ಉಂಗುರ ಬೆರಳಿನಿಂದ ಹೊಸ ರ‍್ಯಾಮಿಗೆ ಇಟ್ಟಳು, ಅದರ ಮೇಲೆ ಕುಂಕುಮ ಇಟ್ಟಳು. ಎರಡು ಕಾಳು ಅಕ್ಷತೆ ಹಾಕಿದಳು. ನಾನು ನೋಡುತ್ತಿದ್ದ ಹಾಗೆಯೇ ಉದ್ಧರಣೆಯಿಂದ ತುಳಸಿ ತೀರ್ಥವನ್ನೂ ಒಂದಿಷ್ಟು ಪ್ರೋಕ್ಷಣೆ ಮಾಡಿದಳು. ನಾನು ಕೈ ಮುಗಿದೆ.

ಮುಚ್ಚುವಾಗ ಯಾವ ಸ್ಕ್ರೂ ಎಲ್ಲಿಯದು ಎಂದು ತಿಳಿಯಲಿಲ್ಲ. ಕೆಲವು ಉದ್ದ, ಕೆಲವು ಗಿಡ್ಡ. ಒಂದು ಸಲೀಸಾಗಿ ಇಳಿಯದಿದ್ದಾಗ ಬಲವಾಗಿ ತಿರುವಿದೆ. ಕೊನೆಯಲ್ಲಿ ಒಂದು ಕೂರಲೇ ಇಲ್ಲ. ಅದನ್ನು ಕುಂಕುಮದ ಭರಣಿಯ ಪಕ್ಕದಲ್ಲಿಟ್ಟು, ಆಮೇಲೆ ನೋಡಿದರಾಯಿತು ಎಂದುಕೊಂಡೆ.

ವಿಜಯದಶಮಿ ರಜೆ. ಅದರ ಮರುದಿನ ನಾಗಮಂಗಲದ ಕಡೆಯಿಂದ ಇಬ್ಬರು ಅಕ್ಕತಂಗಿಯರು ತವರಿನ ವಿಭಾಗಪತ್ರಕ್ಕೆ ರುಜು ಹಾಕಲು ಬಂದು ನನ್ನ ಮೇಜಿನ ಮುಂದೆ ಕುಳಿತಿದ್ದರು. ಅವರ ಅಣ್ಣತಮ್ಮಂದಿರು ಹಿಂದೆ ನಿಂತಿದ್ದರು. ಚೆಕ್ಕುಬಂದಿ ಬರೆಯುತ್ತಾ ಉತ್ತರದ ದಿಕ್ಕಿಗೆ ಬಂದಿದ್ದೆ. ಏನೋ ಸೀದ ವಾಸನೆ ಬಂತು, ಪರದೆ ಕಪ್ಪಾಯಿತು. ಮತ್ತೆ ಬಟನ್ ಒತ್ತಿದರೆ ಉಸಿರಿಲ್ಲ.

ಕಚೇರಿಯಲ್ಲಿ ಅವರ ನೋಂದಣಿಗೆ ಹೊತ್ತು ನಿಗದಿಯಾಗಿತ್ತು. ಅಣ್ಣತಮ್ಮಂದಿರು ಕೂಗಾಡಿದರು. ಪಕ್ಕದ ಮೇಜಿನವರು ಅವರ ಪತ್ರವನ್ನು ಮೊದಲಿನಿಂದ ಬರೆಯಲು ತೆಗೆದುಕೊಂಡರು. ಸಾಲಿಗೆ ಸಾಲೇ ನನ್ನ ಸುತ್ತ ನೆರೆಯಿತು. ಮೊದಲನೆಯ ಮೇಜಿನವರು ನಮ್ಮೆಲ್ಲರಿಗಿಂತ ಹಿರಿಯರು, ನಾಲಿಗೆ ಸ್ವಲ್ಪ ಹರಿತ. “ಏನಾಯ್ತ್ರೀ, ಚೆನ್ನಾಗೇ ಇತ್ತಲ್ಲ?” ಎಂದು ಕೇಳಿದರು.

ನಾನು ಹೇಳಿದೆ: “ಹೋದ ವಾರ ಗೌಡ್ರ ಹತ್ರ ಬಿಚ್ಚಿಸಿದ್ದೆ.”

ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮೂರು ದಿಕ್ಕು ಬರೆದು ನಾಲ್ಕನೆಯದನ್ನು ಬಿಟ್ಟ ಚೆಕ್ಕುಬಂದಿ ಅದು. ಮನೆಯಲ್ಲಿ ನಾನೇ ಬಿಚ್ಚಿದೆ, ಅಮ್ಮ ತೀರ್ಥ ಹಾಕಿದಳು ಎಂದರೆ ಸಾಲಿನವರೆಲ್ಲ ನಕ್ಕುಬಿಡುತ್ತಿದ್ದರು. ಒತ್ತಕ್ಷರಕ್ಕೆ ರೇಗುವವನ ಕಥೆ ಸಿಕ್ಕಿತು ಎಂದು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ಅದಕ್ಕೆ ಹೆದರಿದೆ.

ಯಾರೋ ಫೋನ್ ಮಾಡಿದರು. ಗೌಡರು ಅಂಗಡಿ ಮುಚ್ಚಿ, ಚೀಲ ಹಿಡಿದು ಅಲ್ಲಿಗೇ ಬಂದರು. ನನ್ನ ಮೇಜಿನ ಮೇಲೆಯೇ, ಎಲ್ಲರ ಎದುರಿಗೆ ಬಿಚ್ಚಿದರು. ಬೆನ್ನಿನ ಮುಚ್ಚಳವನ್ನು ತಮ್ಮ ಕಡೆಗೆ ಎತ್ತಿ ಹಿಡಿದು ಸುಮಾರು ಹೊತ್ತು ಒಳಗೆ ನೋಡಿದರು. ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಬ್ರಶ್ಶಿನಿಂದ ಏನನ್ನೋ ಮೆಲ್ಲಗೆ ಗುಡಿಸಿ ಮುಚ್ಚಳ ಹಾಕಿದರು.

“ನನ್ ಕಡೆಯಿಂದ್ಲೇ ಹೋಗದೆ ಅನ್ಕಳಿ,” ಎಂದರು. “ಮೂರು ದಿನ ಟೇಮ್ ಕೊಡಿ ಸ್ವಾಮಿ, ಸರಿ ಮಾಡ್ಕೊಡ್ತೀನಿ.”

ಒಳಗಿನ ಗಂಧ ಒಣಗಿ ಉದುರಿರಬೇಕು, ಅವರ ಕಣ್ಣಿಗೆ ಬಿದ್ದಿಲ್ಲ ಎಂದು ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಅವರು ಅತ್ತ ಹೋಗುತ್ತಲೇ ಮೊದಲನೆಯ ಮೇಜಿನವರು, “ಗೌಡ ಕೈ ಇಟ್ಟಿದ್ದು ಎಂಟು ದಿನ ಬಾಳಕಿಲ್ಲ ಕಣ್ರೋ,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗಲೂ ನನ್ನನ್ನು ಹೆಚ್ಚು ಸುಡುವುದು ಆ ನಗು.

ಗೌಡರು ಪಾಂಡವಪುರದಲ್ಲಿ ಇಂಥದೇ ಹಳೆಯ ಲ್ಯಾಪ್‌ಟಾಪ್ ಒಂದನ್ನು ಹುಡುಕಿ, ಅದರ ಬೋರ್ಡು ತೆಗೆದು ನನ್ನದಕ್ಕೆ ಹಾಕಿದರು. ನನ್ನ ಪತ್ರಗಳೆಲ್ಲ ಹಾಗೇ ಇದ್ದವು. ಕಾಸು ಮುಟ್ಟಲಿಲ್ಲ. ನಾನು ಕೆಲಸಕ್ಕೆ ಹೋಗಿದ್ದಾಗ ಮನೆಗೇ ತಂದು ಅಮ್ಮನ ಕೈಗೆ ಕೊಟ್ಟುಹೋದರು.

ಸಂಜೆ ಮನೆಗೆ ಹೋದಾಗ ಅಮ್ಮನಿಗೆ ಹಿಡಿಸಲಾರದ ಸಂತೋಷ. ಗೌಡರು ಅವಳಿಗೆ, “ನೀವು ಒಳ್ಗಡೆಗೂ ಪೂಜೆ ಮಾಡಿದ್ರಿ ಅಂತ ಡಿಸ್ಕು ಉಳ್ಕಂತು ಕಣವ್ವಾ. ಇಲ್ದಿದ್ರೆ ಎಲ್ಲಾ ಹೋಗ್ಬುಡದು,” ಎಂದಿದ್ದರಂತೆ. ಮರುವಾರವೇ ಅವಳು ನನ್ನನ್ನು ಕರಿಘಟ್ಟದ ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೊರಡಿಸಿದಳು. ಮಂಡಿನೋವಿನ ಹೆಂಗಸು, ಕಾರಿನಲ್ಲಿ ಹೋಗೋಣ ಎಂದರೂ ಕೇಳದೆ ಮೆಟ್ಟಿಲು ಹತ್ತಿ, ನನ್ನ ಹೆಸರಿನ ಜೊತೆಗೆ ಗೌಡರ ಹೆಸರಿನಲ್ಲೂ ಅರ್ಚನೆ ಮಾಡಿಸಿದಳು. ಅವರ ನಕ್ಷತ್ರ ಯಾವುದು ಎಂದು ಅರ್ಚಕರು ಕೇಳಿದಾಗ, “ಒಳ್ಳೆ ನಕ್ಷತ್ರವೇ ಇರಬೇಕು, ಮಾಡಿ,” ಎಂದಳು. ನಾನು ಕಣ್ಣು ಮುಚ್ಚಿ ನಿಂತಿದ್ದೆ. ಭಕ್ತಿಯಿಂದಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಸಾಲಿನ ಮಾತು ಸಾಲಿನಲ್ಲೇ ಉಳಿಯಲಿಲ್ಲ. ನಮ್ಮ ಮೇಜುಗಳ ಮುಂದೆ ದಿನಕ್ಕೆ ನೂರು ಜನ ಕೂರುತ್ತಾರೆ, ಕೂತವರಿಗೆ ಮಾತು ಬೇಕು. ಗೌಡ ಕೈ ಇಟ್ಟಿದ್ದು ಎಂಟು ದಿನ ಎಂಬುದು ಗಾದೆಯಂತೆ ಹರಡಿತು. ಸಾಲಿನವರು ಒಬ್ಬೊಬ್ಬರಾಗಿ ಮಂಡ್ಯ, ಮೈಸೂರು ಎಂದು ಬೇರೆ ಕಡೆ ಹೋಗತೊಡಗಿದರು. ಒಂದು ಟೈಪಿಂಗ್ ಶಾಲೆಯವರು ತಮ್ಮ ಯಂತ್ರಗಳನ್ನೆಲ್ಲ ಗೌಡರಿಗೇ ಒಪ್ಪಿಸುತ್ತಾರೆಂದು ಸುದ್ದಿ ಇತ್ತು, ಅದೂ ತಪ್ಪಿತು. ಎರಡು ವರ್ಷದೊಳಗೆ ಆ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರ್ ಮಾರುವವರು ಬಂದರು. ನನ್ನೊಬ್ಬನಿಂದಲೇ ಅಂಗಡಿ ಹೋಯಿತೆ, ಬಾಡಿಗೆ ಜಾಸ್ತಿಯಾಗಿತ್ತು, ಈಗೆಲ್ಲ ಹಳೆಯದು ರಿಪೇರಿ ಮಾಡಿಸುವವರೇ ಕಡಿಮೆ ಎಂದು ನಾನು ನನಗೆ ಎಷ್ಟೋ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಯಾರಾದರೂ ರಿಪೇರಿ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ನನ್ನದಾಗುತ್ತಿತ್ತು. ಆ ಉಳಿದ ಸ್ಕ್ರೂವನ್ನು ಎಸೆಯಲೂ ಆಗದೆ ಪೆನ್ನಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ.

ಅಮ್ಮ ಮಾತ್ರ ಮನೆಗೆ ಬಂದವರಿಗೆಲ್ಲ ತನ್ನ ಪೂಜೆಯಿಂದ ಡಿಸ್ಕ್ ಉಳಿದ ಕಥೆ ಹೇಳುತ್ತಲೇ ಇದ್ದಳು. ಹೋದ ಶ್ರಾವಣದಲ್ಲಿ ಶ್ರೀರಂಗಪಟ್ಟಣದಿಂದ ಅಕ್ಕ ಬಂದಿದ್ದಳು. ಮೇಷ್ಟ್ರು ಕೆಲಸ ಮಾಡಿ ಮಾಡಿ ಪ್ರಶ್ನೆ ಕೇಳುವ ಅಭ್ಯಾಸ ಅವಳಿಗೆ. ಕಥೆ ಕೇಳಿ, “ಅದು ಸರಿ ಅಮ್ಮ, ನೀನು ಒಳಗಡೆಗೂ ಪೂಜೆ ಮಾಡಿದ್ದೆ ಅಂತ ಅವರಿಗೆ ಯಾರು ಹೇಳಿದ್ದು?” ಎಂದಳು.

“ನಾನೇನೂ ಹೇಳಿರಲಿಲ್ಲಪ್ಪ. ಅವರೇ ಅಂದರು.”

ನಾನೂ ಹೇಳಿರಲಿಲ್ಲ. ಇಷ್ಟು ವರ್ಷ ಆ ಕಥೆ ಕೇಳಿಯೂ ಇದು ನನಗೆ ಹೊಳೆದಿರಲಿಲ್ಲ, ಅಥವಾ ಹೊಳೆಯಲು ನಾನು ಬಿಟ್ಟಿರಲಿಲ್ಲ. ಅವರು ಅಂದೇ ಗಂಧ ನೋಡಿದ್ದರು. ಮುಚ್ಚಳವನ್ನು ತಮ್ಮ ಕಡೆ ಎತ್ತಿ ಹಿಡಿದದ್ದು ಬೇರೆಯವರಿಗೆ ಕಾಣಬಾರದೆಂದು.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಮತ್ತು ಆ ಸ್ಕ್ರೂ ತೆಗೆದುಕೊಂಡು ಸಂತೆಬಾಚಹಳ್ಳಿಗೆ ಹೋದೆ. ಗೌಡರು ಕೊಟ್ಟಿಗೆಯಲ್ಲಿ ಹಸು ತೊಳೆಯುತ್ತಿದ್ದರು. ಕೂದಲು ನರೆತಿತ್ತು. ನನ್ನನ್ನು ನೋಡಿ, ಏನೂ ಆಗಿಲ್ಲವೆಂಬಂತೆ, “ಬನ್ನಿ ಸ್ವಾಮಿ,” ಎಂದು ಜಗಲಿಯ ಮೇಲೆ ಚಾಪೆ ಹಾಸಿದರು. ಒಳಗಿನಿಂದ ಮಜ್ಜಿಗೆ ಬಂತು. ದಾರಿಯುದ್ದಕ್ಕೂ ಹೇಳಲು ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ, ಸ್ಕ್ರೂ ತೆಗೆದು ಅವರ ಮುಂದಿಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಬಲಗಡೆ ಮೂಲೇದು,” ಎಂದರು. “ಆವತ್ತು ಗಿಡ್ಡ ಸ್ಕ್ರೂ ಇರೋ ಜಾಗಕ್ಕೆ ಉದ್ದಂದು ಜಡಿದಿದ್ರಿ. ಬೋರ್ಡು ಒತ್ಕೊಂಡಿತ್ತು.”

“ಗಂಧವೂ ಇತ್ತಲ್ಲ ಗೌಡ್ರೇ?”

“ಇತ್ತು. ಕುಂಕುಮನೂ ಇತ್ತು. ಅಕ್ಷತೆ ಒಂದು ಕಾಳು ಫ್ಯಾನ್ ತಾವ ಸಿಗಾಕೊಂಡಿತ್ತು.”

“ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ? ನನ್ನ ತಪ್ಪು ಅಂತ ಹತ್ತು ಜನರ ಮುಂದೆ ಹೇಳಬಹುದಿತ್ತಲ್ಲ.”

“ನೀವೇ ಹೇಳ್ತೀರ ಅನ್ಕಂಡೆ,” ಎಂದರು. “ಅದಕ್ಕೇ ಒಂದ್ಸಲ ನಿಮ್ ಮೊಕ ನೋಡ್ದೆ. ನೀವು ಹೇಳ್ನಿಲ್ಲ. ನಾನು ಬಾಯಿ ಬುಟ್ರೆ, ದೇವ್ರ ತೀರ್ಥದಿಂದ ಕೆಟ್ಟೋಯ್ತು ಅಂತ ಊರೆಲ್ಲಾ ಆಯ್ತಿತ್ತು. ನಿಮ್ಮಮ್ಮಾವ್ರು ಹೆಂಗೆ ತಡ್ಕತಿದ್ರು? ನನ್ ತಾಯಿನೂ ಟ್ರಾಕ್ಟರ್ ಎಂಜಿನ್ನಿಗೆ ಅರಿಸ್ನ ಬಳಿದೋಳೇಯ.”

ನನಗೆ ಮುಖ ಎತ್ತಲಾಗಲಿಲ್ಲ. ಬಾಯಿಬಿಟ್ಟು ತಪ್ಪಾಯಿತು ಎಂದೆ. ಸಾಲಿನಲ್ಲಿ ಎಲ್ಲರಿಗೂ ನಿಜ ಹೇಳುತ್ತೇನೆ ಎಂದೆ. “ಈಗ್ಯಾಕೆ ಬುಡಿ. ಅಮ್ಮಾವ್ರ ಕಿವಿಗೆ ಬಿದ್ದಾತು,” ಎಂದರು. ಒಳಗಿನಿಂದ ಒಂದು ಸಣ್ಣ ಸ್ಕ್ರೂಡ್ರೈವರ್ ತಂದು ಲ್ಯಾಪ್‌ಟಾಪ್ ಮಗುಚಿ ಹಾಕಿದರು. ಬಲ ಮೂಲೆಯಲ್ಲಿ ಅಂದು ತಾವು ಹಾಕಿದ್ದ ಬಿಳಿ ಸ್ಕ್ರೂ ಬಿಚ್ಚಿ, ಅಲ್ಲಿಗೆ ನನ್ನ ಕರಿಯ ಸ್ಕ್ರೂ ಕೂರಿಸಿದರು. ಬಿಳಿಯದನ್ನು ತಮ್ಮ ಜೇಬಿಗೆ ಹಾಕಿಕೊಂಡರು.

“ನಿಮ್ ಸಾಮಾನು ನಿಮ್ಗೆ, ನಮ್ದು ನಮ್ಗೆ.”

ಮನೆಗೆ ಬಂದವನು ಅವರ ಮಾತನ್ನು ಮೀರಿದೆ. ಅಮ್ಮನನ್ನು ಕೂರಿಸಿ, ಪತ್ರ ಓದಿ ಹೇಳುವ ಹಾಗೆ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಪೂಜೆಯ ವಿಷಯಕ್ಕೆ ಅವಳು ಕುಸಿದುಹೋಗುತ್ತಾಳೆ ಎಂದು ನಾನೂ ಅಂದುಕೊಂಡಿದ್ದೆ. ಅವಳು ಕುಸಿಯಲಿಲ್ಲ. ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು:

“ನನ್ನ ಕೈ ಒದ್ದೆ ಇತ್ತು, ಸರಿ. ನಿನ್ನ ಬಾಯಿಗೆ ಏನಾಗಿತ್ತು?”

ಅಂದಿನಿಂದ ಅವಳು ಆ ಕಥೆಯನ್ನು ಯಾರಿಗೂ ಹೇಳಿಲ್ಲ.

ಮರುದಿನ ಬೆಳಗ್ಗೆ, ಇನ್ನೂ ಜನ ಬರುವ ಮೊದಲು, ಸಾಲಿನಲ್ಲಿ ಎದ್ದು ನಿಂತು ಹೇಳಿದೆ. ಆ ಲ್ಯಾಪ್‌ಟಾಪ್ ಕೆಡಿಸಿದ್ದು ನಾನು, ಗೌಡರದು ಏನೂ ತಪ್ಪಿರಲಿಲ್ಲ, ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದು. ಗಂಧ, ತೀರ್ಥ, ಸ್ಕ್ರೂ ಯಾವುದನ್ನೂ ಬಿಡಲಿಲ್ಲ. ನಗುತ್ತಾರೆ ಎಂದು ಆರು ವರ್ಷ ಹೆದರಿದ್ದೆನಲ್ಲ, ಒಬ್ಬರೂ ನಗಲಿಲ್ಲ. ಅವರಲ್ಲಿ ನಾಲ್ಕು ಜನ ಗೌಡರ ಅಂಗಡಿ ಮುಚ್ಚಿದ ಮೇಲೆ ಸಾಲಿಗೆ ಬಂದವರು. ಮೊದಲನೆಯ ಮೇಜಿನವರು ಮಾತ್ರ ಕನ್ನಡಕ ಹಣೆಗೇರಿಸಿ, ನಾನು ಯಾರ ವಿಷಯ ಹೇಳುತ್ತಿದ್ದೇನೆಂದು ನಿಜಕ್ಕೂ ಯೋಚಿಸಿದರು.

“ಯಾವ ಗೌಡ್ರು?” ಎಂದು ಕೇಳಿದರು.